ಯೀಸ್ಟ್ ಮಾಡುವ ಸೋಪು ರೋಗಾಣುಗಳನ್ನು ಕೊಲ್ಲುತ್ತದೆಯೇ?

ಪ್ರಶ್ನೆ: ನಮ್ಮ ಸ್ವಸಹಾಯ ಸಂಘದ ಹನ್ನೊಂದು ಮಂದಿ ಎರಡು ವರ್ಷದಿಂದ ನಿಂಬೆ ಮತ್ತು ಕಿತ್ತಳೆ ಸಿಪ್ಪೆ, ಬೆಲ್ಲ, ನೀರು ಸೇರಿಸಿ ಬಯೋಎಂಜೈಮ್ ಮಾಡಿ, ನೆಲ ಒರೆಸಲು, ಪಾತ್ರೆ ತೊಳೆಯಲು ಬಾಟಲಿಗಳಲ್ಲಿ ತುಂಬಿ ಮಾರುತ್ತಿದ್ದೇವೆ. ಮೂರು ತಿಂಗಳು ಕಾಯುವ ಬದಲು ಬೇಗ ಆಗಲೆಂದು ಬೇಕರಿ ಯೀಸ್ಟ್ ಹಾಕುತ್ತೇವೆ. ತರಬೇತಿ ಕೊಡಲು ಬಂದವರೊಬ್ಬರು, ಯೀಸ್ಟ್‌ನಿಂದ ಸಹಜ ಸರ್ಫ್ಯಾಕ್ಟಂಟ್ ಹುಟ್ಟುತ್ತದೆ, ಅದು ರೋಗಾಣುಗಳನ್ನು ಕೊಲ್ಲುತ್ತದೆ ಎಂದರು. ನಮ್ಮ ಡ್ರಮ್ಮಿನಲ್ಲಿ ಉಕ್ಕುವ ನೊರೆ ಅದೇ ಏನು? ಹೊಸ ಲೇಬಲ್ ಮೇಲೆ ‘ಶೇ 99.9ರಷ್ಟು ರೋಗಾಣುನಾಶಕ’ ಎಂದು ಹಾಕಬಹುದೇ? ಕೆಲವು ಡ್ರಮ್ಮುಗಳಲ್ಲಿ ಮೇಲೆ ಬಿಳಿ ಕೆನೆ ಕಟ್ಟುತ್ತದೆ. ಅದು ಸರ್ಫ್ಯಾಕ್ಟಂಟೋ, ಹಾಳಾದ ಗುರುತೋ?
— ತುಮಕೂರು ಜಿಲ್ಲೆಯ ಓದುಗರು

ಉತ್ತರ: ಲೇಬಲ್ ಮುದ್ರಣಕ್ಕೆ ಹೋಗಿದ್ದರೆ ಇಂದೇ ಫೋನ್ ಮಾಡಿ ನಿಲ್ಲಿಸಿ. ಕಾರಣವನ್ನು ಮುಂದೆ ಹೇಳುತ್ತೇನೆ.

ನಿಮಗೆ ತರಬೇತಿ ಕೊಟ್ಟವರು ಸುಳ್ಳು ಹೇಳಿಲ್ಲ. ಯೀಸ್ಟ್ ಸರ್ಫ್ಯಾಕ್ಟಂಟ್ ಮಾಡುವುದು ನಿಜ. ಅಂಥ ಕೆಲವು ಸರ್ಫ್ಯಾಕ್ಟಂಟ್‌ಗಳಿಗೆ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಶಕ್ತಿ ಇರುವುದೂ ನಿಜ. ಆದರೆ ಅವರು ಹೇಳಿದ ಯೀಸ್ಟ್ ಬೇರೆ, ನಿಮ್ಮ ಡ್ರಮ್ಮಿನಲ್ಲಿರುವ ಯೀಸ್ಟ್ ಬೇರೆ. ಹಾವು ಕಚ್ಚಿದರೆ ಜೀವಕ್ಕೆ ಅಪಾಯ ಎಂಬ ಮಾತು ನಾಗರಹಾವಿಗೆ ಸರಿ, ಕೇರೆ ಹಾವಿಗೆ ಅಲ್ಲ. ಯೀಸ್ಟ್ ಎಂಬುದು ಒಂದು ಜೀವಿಯ ಹೆಸರಲ್ಲ, ಒಂದು ದೊಡ್ಡ ಬಳಗದ ಹೆಸರು. ಸಾವಿರಕ್ಕೂ ಹೆಚ್ಚು ಜಾತಿಗಳು ಅದರಲ್ಲಿವೆ. ಬ್ರೆಡ್ಡು ಉಬ್ಬಿಸುವ, ಹೆಂಡ ಹುಳಿಸುವ ಸ್ಯಾಕರೊಮೈಸಿಸ್ ಸೆರೆವಿಸಿಯೆ ಅವುಗಳಲ್ಲಿ ಒಂದು. ನಮಗೆ ಹೆಚ್ಚು ಪರಿಚಯದ್ದು ಅದೇ ಆದ್ದರಿಂದ ಯೀಸ್ಟ್ ಎಂದಾಕ್ಷಣ ಅದೇ ನೆನಪಾಗುತ್ತದೆ, ಅಷ್ಟೆ.

ಸರ್ಫ್ಯಾಕ್ಟಂಟ್ ಎಂದರೇನು ಎಂಬುದನ್ನು ನೀವು ದಿನವೂ ಕೈಯಾರೆ ನೋಡುತ್ತೀರಿ. ಕೆಸುವಿನ ಎಲೆಯ ಮೇಲೆ ನೀರು ಹಾಕಿ: ಮುತ್ತಿನಂತೆ ಗುಂಡಗೆ ಕೂತು ಉರುಳುತ್ತದೆ. ನೀರಿನ ಅಣುಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿರುವುದರಿಂದ ಹನಿಯ ಮೇಲ್ಮೈ ಎಳೆದು ಕಟ್ಟಿದ ಚರ್ಮದಂತೆ ಇರುತ್ತದೆ. ಈ ಎಳೆತವನ್ನು ಅಳೆಯಬಹುದು. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶುದ್ಧ ನೀರಿನದು ಮೀಟರಿಗೆ ಸುಮಾರು 72 ಮಿಲಿನ್ಯೂಟನ್. ಅದೇ ನೀರಿಗೆ ಅಂಟುವಾಳದ ರಸ ಸೇರಿಸಿ ಎಲೆಯ ಮೇಲೆ ಬಿಡಿ. ಹನಿ ಗುಂಡಗೆ ನಿಲ್ಲಲಾರದೆ ಚಪ್ಪಟೆಯಾಗಿ ಹರಡುತ್ತದೆ. ಅಂಟುವಾಳದ ಸಪೋನಿನ್ ಅಣುವಿನ ಒಂದು ತುದಿಗೆ ನೀರು ಇಷ್ಟ, ಇನ್ನೊಂದು ತುದಿಗೆ ಎಣ್ಣೆ ಇಷ್ಟ. ಅದು ನೀರಿನ ಮೇಲ್ಮೈಯಲ್ಲಿ ಸಾಲುಗಟ್ಟಿ ನಿಂತು ಆ ಬಿಗಿಯನ್ನು ಸಡಿಲಿಸುತ್ತದೆ. ಜಿಡ್ಡನ್ನು ಪಾತ್ರೆಯಿಂದ ಬಿಡಿಸಿ ನೀರಿನೊಡನೆ ಕಳುಹಿಸುವುದೂ ಈ ಎರಡು ತುದಿಯ ಗುಣದಿಂದಲೇ. ಸೀಗೆಕಾಯಿ, ಅಂಗಡಿಯ ಸೋಪು, ಸೋಪುಪುಡಿ, ಪಾತ್ರೆ ತೊಳೆಯುವ ದ್ರವಗಳಿಗೆ ಹಾಕುವ ಆಸಿಡ್ ಸ್ಲರಿ ಎಂಬ ಅಗ್ಗದ ರಾಸಾಯನಿಕ ಎಲ್ಲಕ್ಕೂ ಇದೇ ತತ್ವ.

ಇನ್ನು ನಿಮ್ಮ ನೊರೆ. ಬೆಲ್ಲದ ಸಕ್ಕರೆಯನ್ನು ಯೀಸ್ಟ್ ತಿಂದು ಆಲ್ಕೋಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಮಾಡುತ್ತದೆ. ಆ ಅನಿಲ ಗುಳ್ಳೆಗಳಾಗಿ ಮೇಲೇಳುತ್ತದೆ. ಸಿಪ್ಪೆಯಿಂದ ಬಿಟ್ಟ ಪೆಕ್ಟಿನ್, ಯೀಸ್ಟ್‌ನಿಂದ ಹೊರಬಂದ ಪ್ರೋಟೀನ್ ಗುಳ್ಳೆಯ ಗೋಡೆಗೆ ಅಂಟಿಕೊಂಡು ಅದು ಬೇಗ ಒಡೆಯದಂತೆ ಹಿಡಿದಿಡುತ್ತವೆ. ರಾತ್ರಿ ರುಬ್ಬಿಟ್ಟ ಇಡ್ಲಿ ಹಿಟ್ಟು ಬೆಳಿಗ್ಗೆ ಉಬ್ಬಿ ನಿಂತಿರುವುದೂ ಹೀಗೆ ಅನಿಲ ಸಿಕ್ಕಿಬಿದ್ದೇ. ಬೇಕರಿ ಯೀಸ್ಟ್‌ನ ಕೋಶಗೋಡೆಯಲ್ಲಿರುವ ಮ್ಯಾನೊಪ್ರೋಟೀನ್ ಎಂಬ ವಸ್ತು ಎಣ್ಣೆ ಮತ್ತು ನೀರನ್ನು ಬೆರೆಸಿ ಹಿಡಿದಿಡುವುದರಲ್ಲಿ ಗಟ್ಟಿಗ ಎಂಬುದು 1980ರ ದಶಕದಿಂದಲೇ ಗೊತ್ತಿದೆ. ಆದರೆ ಅದನ್ನು ಗೋಡೆಯಿಂದ ಬಿಡಿಸಿ ತೆಗೆಯಬೇಕು. ತೆಗೆದರೂ ಅದು ಬೆರೆಸುವ ಕೆಲಸದ್ದೇ ಹೊರತು ಕೊಲ್ಲುವ ಕೆಲಸದ್ದಲ್ಲ.

ಇಲ್ಲೊಂದು ತಮಾಷೆಯ ಸಂಗತಿ ಇದೆ. ಯೀಸ್ಟ್ ಮಾಡುವ ಸರ್ಫ್ಯಾಕ್ಟಂಟ್‌ಗಳಲ್ಲಿ ಅತ್ಯಂತ ಹೆಸರುವಾಸಿಯಾದ ಸೊಫೊರೊಲಿಪಿಡ್ ನೊರೆ ಕೊಡುವುದರಲ್ಲಿ ಬಲು ಜಿಪುಣ. ಯಂತ್ರದಲ್ಲಿ ಪಾತ್ರೆ ತೊಳೆಯುವ ದ್ರವಗಳಿಗೆ ಅದು ಒಗ್ಗುವುದೇ ಈ ಕಾರಣಕ್ಕೆ. ನೊರೆ ಉಕ್ಕಿದರೆ ಯಂತ್ರಕ್ಕೆ ತೊಂದರೆ. ನೊರೆ ಜಾಸ್ತಿ ಬಂದರೆ ಕೊಳೆ ಜಾಸ್ತಿ ಹೋಗುತ್ತದೆ ಎಂಬ ನಂಬಿಕೆಯನ್ನು ಜಾಹೀರಾತುಗಳು ನಮ್ಮ ತಲೆಗೆ ತುಂಬಿ ಎಷ್ಟೋ ವರ್ಷಗಳಾದವು. ನೊರೆ ನೋಡಿ ಸರ್ಫ್ಯಾಕ್ಟಂಟ್ ಗುರುತಿಸುವುದು, ಹೊಗೆ ನೋಡಿ ಅಡುಗೆಯ ರುಚಿ ಹೇಳಿದಂತೆ.

ಹಾಗಾದರೆ ಆ ‘ಬೇರೆ ಯೀಸ್ಟ್’ ಯಾವುದು? ಕೆನಡಾದ ಸಾಸ್ಕಟೂನ್ ಊರಿನಲ್ಲಿ ಅಲ್ಲಿನ ರಾಷ್ಟ್ರೀಯ ಸಂಶೋಧನಾ ಮಂಡಳಿಯ ಪ್ರಯೋಗಾಲಯವೊಂದಿತ್ತು. ಗೋರಿನ್, ಸ್ಪೆನ್ಸರ್, ಟುಲಕ್ ಎಂಬ ಮೂವರು 1961ರಲ್ಲಿ ಅಲ್ಲಿಂದ ಒಂದು ವಿಚಿತ್ರ ಕೊಬ್ಬಿನ ಬಗ್ಗೆ ಬರೆದರು. ಒಂದು ಯೀಸ್ಟ್ ತಾನು ಬೆಳೆಯುವ ದ್ರವದೊಳಕ್ಕೆ ಸಕ್ಕರೆ ಅಂಟಿಸಿದ ಕೊಬ್ಬಿನ ಆಮ್ಲವನ್ನು ಸುರಿಯುತ್ತಿತ್ತು. ಆ ಸಕ್ಕರೆಯ ಹೆಸರು ಸೊಫೊರೋಸ್, ಎರಡು ಗ್ಲೂಕೋಸ್ ಅಣುಗಳ ಜೋಡಿ. ವಸ್ತುವಿಗೆ ಸೊಫೊರೊಲಿಪಿಡ್ ಎಂಬ ಹೆಸರು ಬಂದದ್ದು ಅದರಿಂದ. 1970ರಲ್ಲಿ ಅದೇ ಬಳಗ ಬಂಬಲ್‌ಬೀ ಎಂಬ ದಪ್ಪ ರೋಮದ ಜೇನುನೊಣದ ಜೇನಿನಿಂದ ಇನ್ನೊಂದು ಯೀಸ್ಟ್ ಹೆಕ್ಕಿ ತೆಗೆದು ಹೆಸರಿಟ್ಟಿತು. ಟೊರುಲಾಪ್ಸಿಸ್ ಬಾಂಬಿಕೋಲ ಎಂಬ ಆ ಹೆಸರು ಮುಂದೆ ಕ್ಯಾಂಡಿಡ ಬಾಂಬಿಕೋಲ ಆಯಿತು, ಈಗ ಸ್ಟಾರ್ಮೆರೆಲ್ಲ ಬಾಂಬಿಕೋಲ. ಹೆಸರು ಬದಲಿಸುವ ಹುಮ್ಮಸ್ಸಿನಲ್ಲಿ ನಮ್ಮ ವರ್ಗೀಕರಣಶಾಸ್ತ್ರಜ್ಞರು ಯಾವ ನಗರಸಭೆಗೂ ಕಡಿಮೆಯಿಲ್ಲ. ಇಂದು ಜಗತ್ತಿನಲ್ಲಿ ಸೊಫೊರೊಲಿಪಿಡ್ ಮಾಡುವ ಕಾರ್ಖಾನೆಗಳು ನೆಚ್ಚಿಕೊಂಡಿರುವುದು ಮುಖ್ಯವಾಗಿ ಈ ಜಾತಿಯನ್ನೇ.

ಅದನ್ನು ಬೆಳೆಸುವುದನ್ನು ನೋಡಬೇಕು. ಗಾಜಿನ ಹುದುಗುಪಾತ್ರೆಯಲ್ಲಿ ಗ್ಲೂಕೋಸ್ ಹಾಕಿದ ನೀರು, ಜೊತೆಗೆ ಸೂರ್ಯಕಾಂತಿಯಂಥ ಯಾವುದಾದರೂ ಎಣ್ಣೆ. ಯೀಸ್ಟ್ ಮೊದಲು ಸುಮ್ಮನೆ ಬೆಳೆದು ಸಂಖ್ಯೆ ಹೆಚ್ಚಿಸಿಕೊಳ್ಳುತ್ತದೆ. ಸಾರಜನಕ ಮುಗಿಯುತ್ತ ಬಂದಾಗ ಆಟ ಬದಲಾಗುತ್ತದೆ. ಮುಂದೆ ಹೇರಳ ಸಕ್ಕರೆ, ಹೇರಳ ಎಣ್ಣೆ. ಆದರೆ ಹೊಸ ಕೋಶ ಕಟ್ಟಲು ಬೇಕಾದ ಸಾರಜನಕಕ್ಕೆ ಬರ. ಆಗ ಅದು ಸಿಕ್ಕಿದ್ದನ್ನೆಲ್ಲ ಸೊಫೊರೊಲಿಪಿಡ್ ಮಾಡಿ ಹೊರಗೆ ಹಾಕತೊಡಗುತ್ತದೆ. ಕೆಲವು ದಿನ ಕಳೆದ ಮೇಲೆ ಅಲುಗಾಡಿಸುವುದನ್ನು ನಿಲ್ಲಿಸಿದರೆ, ಕಂದು ಬಣ್ಣದ, ಜೋನಿಬೆಲ್ಲದಷ್ಟು ಮಂದವಾದ ಪದರವೊಂದು ತಳಕ್ಕೆ ಇಳಿದು ನಿಲ್ಲುತ್ತದೆ. ಮೊದಲ ಸಲ ಅದನ್ನು ಕಂಡವರು ಬೆಳೆಸುವ ದ್ರವ ಸುಟ್ಟುಹೋಗಿದೆ ಎಂದು ಚೆಲ್ಲಿಬಿಟ್ಟರೆ ಆಶ್ಚರ್ಯವಿಲ್ಲ. ಇಳುವರಿಯೂ ಅಸಾಧಾರಣ: ಹಾಲೊಡೆದ ನೀರು ಮತ್ತು ರೇಪ್‌ಸೀಡ್ ಎಣ್ಣೆ ಬಳಸಿ ಎರಡು ಹಂತದಲ್ಲಿ ಹುದುಗಿಸಿದ ಜರ್ಮನಿಯ ಸಂಶೋಧಕರು 1998ರಲ್ಲಿ ಲೀಟರಿಗೆ 400 ಗ್ರಾಂ ದಾಟಿದ ಇಳುವರಿ ವರದಿ ಮಾಡಿದರು. ಸೂಕ್ಷ್ಮಜೀವಿಗಳಿಂದ ಏನನ್ನಾದರೂ ಮಾಡಿಸಿ ಬೇರ್ಪಡಿಸಿದವರಿಗೆ ಇದು ಎಷ್ಟು ದೊಡ್ಡ ಸಂಖ್ಯೆ ಎಂದು ಗೊತ್ತು. ಸಾಮಾನ್ಯವಾಗಿ ನಾವು ಲೀಟರಿಗೆ ಐದಾರು ಗ್ರಾಂ ಸಿಕ್ಕರೆ ಹಬ್ಬ ಮಾಡುವವರು.

ಇಷ್ಟು ಕಷ್ಟಪಟ್ಟು ಅದು ಇದನ್ನೇಕೆ ಮಾಡುತ್ತದೆ? ಹೂವಿನ ಮಕರಂದ, ಜೇನು ಇದರ ಸಹಜ ಮನೆ. ಸಕ್ಕರೆ ತುಂಬಿರುವ ಆ ಜಾಗದ ಮೇಲೆ ಎಲ್ಲರ ಕಣ್ಣು. ತಿನ್ನುವುದನ್ನೆಲ್ಲ ಬೇಗ ಬಾಚಿಕೊಂಡು, ಬೇರೆಯವರು ಸುಲಭವಾಗಿ ಮುಟ್ಟಲಾರದ ರೂಪದಲ್ಲಿ ಹೊರಗೆ ಕೂಡಿಟ್ಟು, ಬರ ಬಂದಾಗ ತಾನೇ ತಿನ್ನುವ ಉಪಾಯ ಇದು ಎಂಬುದು ಒಂದು ವಾದ. ಪಕ್ಕದಲ್ಲಿ ಬಂದು ಕೂರುವ ಬ್ಯಾಕ್ಟೀರಿಯಾಗಳನ್ನು ಓಡಿಸುವ ಅಸ್ತ್ರ ಎಂಬುದು ಇನ್ನೊಂದು. ನನಗೆ ಮೊದಲನೆಯದರ ಮೇಲೆ ಒಲವು ಹೆಚ್ಚು. ಕಣಜಕ್ಕೆ ಬೇವಿನ ಸೊಪ್ಪು ಹಾಕಿಡುವ ರೈತನಂತೆ, ಕೂಡಿಡುವುದೇ ಮುಖ್ಯ, ಹುಳು ಓಡಿಸುವುದು ಅದರ ಜೊತೆಗೆ ಬಂದ ಲಾಭ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಬೂದಿರೋಗದ ಮಾತು ಬಂದಾಗ ಮತ್ತೆ ಬೇಕಾಗುತ್ತದೆ.

ಈಗ ‘ಕೊಲ್ಲುವ’ ವಿಷಯ. ಸೊಫೊರೊಲಿಪಿಡ್ ಎಂಬುದು ಒಂದೇ ಅಣುವಲ್ಲ, ಹಲವು ಅಣುಗಳ ಮಿಶ್ರಣ. ಅದರಲ್ಲಿ ಎರಡು ಮುಖ್ಯ ರೂಪಗಳಿವೆ. ಒಂದರಲ್ಲಿ ಸಕ್ಕರೆಯ ತಲೆ ಒಂದು ಕಡೆ, ಕೊಬ್ಬಿನ ಬಾಲ ಇನ್ನೊಂದು ಕಡೆ ಚಾಚಿಕೊಂಡಿರುತ್ತದೆ. ಇದು ಆಮ್ಲ ರೂಪ. ಇನ್ನೊಂದರಲ್ಲಿ ಬಾಲದ ತುದಿ ಬಾಗಿ ಬಂದು ತಲೆಗೇ ಅಂಟಿಕೊಂಡು ಬಳೆಯಂತೆ ಸುತ್ತಿಕೊಂಡಿರುತ್ತದೆ. ಇದು ಲ್ಯಾಕ್ಟೋನ್ ರೂಪ. ಯೀಸ್ಟ್ ಮೊದಲು ಆಮ್ಲ ರೂಪವನ್ನು ಹೊರಗೆ ತಳ್ಳುತ್ತದೆ. ಆಮೇಲೆ ಕೋಶದ ಹೊರಗಿರುವ ಒಂದು ಕಿಣ್ವ ಅದನ್ನು ಬಳೆ ಮಾಡುತ್ತದೆ. ಎರಡರ ಸ್ವಭಾವ ಅಜಗಜಾಂತರ. ಆಮ್ಲ ರೂಪ ನೀರಿನಲ್ಲಿ ಚೆನ್ನಾಗಿ ಕರಗುತ್ತದೆ, ತೊಳೆಯುವ ಕೆಲಸಕ್ಕೆ ಒಳ್ಳೆಯದು. ಬಳೆ ರೂಪ ನೀರಿನಲ್ಲಿ ಕರಗಲು ಹಟ ಮಾಡುತ್ತದೆ, ಆದರೆ ಸೂಕ್ಷ್ಮಜೀವಿಗಳ ಮೇಲೆ ಪ್ರಭಾವ ಬೀರುವುದರಲ್ಲಿ ಅದೇ ಮುಂದು. ತೊಳೆಯುವುದರಲ್ಲಿ ಜಾಣ ಕೊಲ್ಲುವುದರಲ್ಲಿ ಮೆತ್ತಗೆ, ಕೊಲ್ಲುವುದರಲ್ಲಿ ಜಾಣ ನೀರಿಗೆ ಇಳಿಯುವುದಿಲ್ಲ. ಈ ಕ್ಷೇತ್ರದಲ್ಲಿ ದುಡಿಯುವವರ ಅರ್ಧ ತಲೆನೋವು ಇದೇ. ಜೊತೆಗೆ, ತೊಳೆಯುವ ದ್ರವಕ್ಕೆ ನೀವು ವಾಡಿಕೆಯಂತೆ ವಾಷಿಂಗ್ ಸೋಡಾ ಸೇರಿಸಿದರೆ ಆ ಕ್ಷಾರಕ್ಕೆ ಬಳೆ ಬಿಚ್ಚಿಕೊಂಡು ಆಮ್ಲ ರೂಪಕ್ಕೆ ಮರಳುತ್ತದೆ. ಹಣ ಕೊಟ್ಟು ತಂದ ಕೊಲ್ಲುವ ಗುಣ ಸೋಡಾದ ಪಾಲಾಗುತ್ತದೆ.

ಬ್ಯಾಕ್ಟೀರಿಯಾದ ಒಳಭಾಗವನ್ನು ಹಿಡಿದಿಡುವುದು ಕೊಬ್ಬಿನಿಂದಾದ ತೆಳ್ಳನೆಯ ಪೊರೆ. ಕೊಬ್ಬನ್ನು ಇಷ್ಟಪಡುವ ಬಾಲವಿರುವ ಅಣು ಆ ಪೊರೆಯೊಳಕ್ಕೆ ನುಸುಳಿ ಜಾಗ ಮಾಡಿಕೊಂಡರೆ ಪೊರೆಯ ಕಟ್ಟು ಸಡಿಲವಾಗುತ್ತದೆ. ಒಳಗಿನ ಲವಣ, ಪ್ರೋಟೀನ್ ಹೊರಗೆ ಸೋರುತ್ತದೆ. ಹೆಚ್ಚು ಸೋರಿದರೆ ಸಾವು, ಕಡಿಮೆ ಸೋರಿದರೆ ಸುಸ್ತು. ಇಷ್ಟರ ಮಟ್ಟಿಗೆ ಸರಳ. ಆದರೆ ಎಲ್ಲ ಬ್ಯಾಕ್ಟೀರಿಯಾಗಳ ಕೋಟೆ ಒಂದೇ ಬಗೆಯದಲ್ಲ. ಡೆನ್ಮಾರ್ಕಿನ ವೈದ್ಯ ಹಾನ್ಸ್ ಕ್ರಿಶ್ಚಿಯನ್ ಗ್ರಾಮ್ 1884ರಲ್ಲಿ ಬಣ್ಣ ಹಾಕಿ ಬೇರ್ಪಡಿಸಿದ ಎರಡು ಗುಂಪುಗಳನ್ನು ನಾವು ಈಗಲೂ ಗ್ರಾಮ್ ಪಾಸಿಟಿವ್, ಗ್ರಾಮ್ ನೆಗೆಟಿವ್ ಎನ್ನುತ್ತೇವೆ. ಮೊದಲ ಗುಂಪಿಗೆ ದಪ್ಪ ಗೋಡೆ ಇದೆ, ಆದರೆ ಅದು ಜರಡಿಯಂಥದು. ಸರ್ಫ್ಯಾಕ್ಟಂಟ್ ಅದನ್ನು ದಾಟಿ ಪೊರೆ ಮುಟ್ಟುತ್ತದೆ. ಚರ್ಮದ ಮೇಲಿನ ಸ್ಟ್ಯಾಫಿಲೊಕಾಕಸ್, ಮೊಡವೆಯ ಜೊತೆಗಾರ ಕ್ಯುಟಿಬ್ಯಾಕ್ಟೀರಿಯಂ, ಬ್ಯಾಸಿಲಸ್ ಇವೆಲ್ಲ ಈ ಗುಂಪಿನವು. ಎರಡನೆಯ ಗುಂಪಿಗೆ ಗೋಡೆ ತೆಳು, ಆದರೆ ಅದರ ಹೊರಗೆ ಲಿಪೊಪಾಲಿಸ್ಯಾಕರೈಡ್ ಎಂಬ ಸಕ್ಕರೆ–ಕೊಬ್ಬಿನ ಅಣು ತುಂಬಿದ ಇನ್ನೊಂದು ಪೊರೆಯ ಕವಚ ಇದೆ. ಸೊಫೊರೊಲಿಪಿಡ್‌ನಂಥ ಅಣು ಬಹುಮಟ್ಟಿಗೆ ಅಲ್ಲಿಯೇ ತಡೆದು ನಿಲ್ಲುತ್ತದೆ.

ಈಗ ಯೋಚಿಸಿ: ಅಡುಗೆಮನೆಯ ಕಟ್ಟೆ, ಬಚ್ಚಲಿನ ನೆಲ ಒರೆಸುವವರು ಯಾವುದಕ್ಕೆ ಹೆದರುತ್ತಾರೆ? ಹೊಟ್ಟೆ ಕೆಡಿಸುವ ಇ. ಕೋಲಿ, ಸಾಲ್ಮೊನೆಲ್ಲ, ಶಿಗೆಲ್ಲ. ಎಲ್ಲವೂ ಎರಡನೆಯ ಗುಂಪಿನವು! ಯೀಸ್ಟ್‌ನ ಅಸ್ತ್ರ ಎಲ್ಲಿ ದುರ್ಬಲವೋ ನಿಮ್ಮ ಗಿರಾಕಿಯ ಭಯ ಅಲ್ಲಿಯೇ ಇದೆ. ಪತ್ರಿಕೆಗಳಲ್ಲಿ ಬರುವ ‘ಜೇನಿನ ಯೀಸ್ಟ್‌ನಿಂದ ರೋಗಾಣುನಾಶಕ’ ಎಂಬ ಸುದ್ದಿಗಳಲ್ಲಿ ಈ ಒಂದು ವಾಕ್ಯ ಕಾಣುವುದು ಅಪರೂಪ.

ಸಂಶೋಧನಾ ಫಲಿತಾಂಶಗಳಲ್ಲಿಯೂ ಗೋಜಲು ಇದೆ. ಒಂದೇ ಬ್ಯಾಕ್ಟೀರಿಯಾವನ್ನು ತಡೆಯಲು ಒಬ್ಬರಿಗೆ ಬೇಕಾದ ಪ್ರಮಾಣ ಇನ್ನೊಬ್ಬರದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿರುತ್ತದೆ. ಕಾರಣ ಹುಡುಕಿದರೆ ಸಿಗುತ್ತದೆ. ಒಬ್ಬರು ಶುದ್ಧ ಲ್ಯಾಕ್ಟೋನ್ ಬಳಸಿರುತ್ತಾರೆ, ಇನ್ನೊಬ್ಬರು ತಳದ ಕಂದು ಪದರವನ್ನೇ ತೊಳೆದು ಬಳಸಿರುತ್ತಾರೆ. ಅದರಲ್ಲಿ ಉಳಿದ ಎಣ್ಣೆಯ ಕೊಬ್ಬಿನ ಆಮ್ಲಗಳೂ ಸೇರಿರುತ್ತವೆ. ಅವೂ ಬ್ಯಾಕ್ಟೀರಿಯಾವನ್ನು ತಡೆಯಬಲ್ಲವು. ನೀರಿನಲ್ಲಿ ಕರಗದ ವಸ್ತುವನ್ನು ಆಲ್ಕೋಹಾಲಿನಲ್ಲಿ ಕರಗಿಸಿ ಹಾಕಿದರೆ ಕೊಂದದ್ದು ಯಾರು ಎಂಬ ಪ್ರಶ್ನೆ ಏಳುತ್ತದೆ. ವಿದ್ಯಾರ್ಥಿಗಳಿಗೆ ಪ್ರಿಯವಾದ ಅಗಾರ್ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ) ತಟ್ಟೆಯ ಪರೀಕ್ಷೆಯಂತೂ ಇಲ್ಲಿ ಕೈಕೊಡುತ್ತದೆ. ತಟ್ಟೆಯಲ್ಲಿ ತೂತು ಕೊರೆದು ದ್ರಾವಣ ತುಂಬಿ, ಸುತ್ತ ಎಷ್ಟು ಅಗಲದಲ್ಲಿ ಬ್ಯಾಕ್ಟೀರಿಯಾ ಬೆಳೆದಿಲ್ಲ ಎಂದು ಅಳೆಯುವ ಪದ್ಧತಿ ಅದು. ನೀರಿನಲ್ಲಿ ಹರಡದ ಅಣು ಅಗಾರ್‌ನಲ್ಲಿಯೂ ಹರಡುವುದಿಲ್ಲ, ಆಗ ಒಳ್ಳೆಯ ವಸ್ತುವೂ ನಿಷ್ಪ್ರಯೋಜಕದಂತೆ ಕಾಣುತ್ತದೆ. ಅದೇ ಪರೀಕ್ಷೆಯಲ್ಲಿ ನಿಂಬೆರಸ ಹಾಕಿದರೆ ಆಮ್ಲ ಸರಾಗವಾಗಿ ಹರಡಿ ದೊಡ್ಡ ವೃತ್ತ ಮೂಡಿ ಮಹಾ ಔಷಧದಂತೆ ಕಾಣುತ್ತದೆ. ನಿಮ್ಮ ದ್ರವವನ್ನು ಯಾರಾದರೂ ಕಾಲೇಜಿನಲ್ಲಿ ಹೀಗೆ ಪರೀಕ್ಷಿಸಿ ‘ವೃತ್ತ ಬಂತು’ ಎಂದರೆ ಹಿಗ್ಗಬೇಡಿ, ಅದು ಬಹುಮಟ್ಟಿಗೆ ಹುಳಿಯ ಮಹಿಮೆ.

ಇಷ್ಟು ಹೇಳಿದೆನೆಂದು ಯೀಸ್ಟ್ ಸರ್ಫ್ಯಾಕ್ಟಂಟ್‌ಗಳ ಕಥೆ ಇಷ್ಟೇ ಎಂದುಕೊಳ್ಳಬೇಡಿ. ಅವುಗಳ ನಿಜವಾದ ಭರವಸೆ ಒಂಟಿಯಾಗಿ ಕೊಲ್ಲುವುದರಲ್ಲಿಲ್ಲ, ಬೇರೆಯವರಿಗೆ ಬಾಗಿಲು ತೆರೆಯುವುದರಲ್ಲಿದೆ. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಕೆಲಸ ನನಗೆ ಬಹಳ ಹಿಡಿಸಿತು. ಅವರು ಸೊಫೊರೊಲಿಪಿಡ್ಡನ್ನು ಪ್ರತಿಜೈವಿಕಗಳ (ಆಂಟಿಬಯಾಟಿಕ್) ಜೊತೆ ಸೇರಿಸಿದರು: ಸ್ಟ್ಯಾಫಿಲೊಕಾಕಸ್ ಮೇಲೆ ಟೆಟ್ರಾಸೈಕ್ಲಿನ್ ಜೊತೆ, ಇ. ಕೋಲಿ ಮೇಲೆ ಸೆಫಾಕ್ಲರ್ ಜೊತೆ. ಪ್ರತಿಜೈವಿಕ ಒಂಟಿಯಾಗಿ ಮಾಡಿದ್ದಕ್ಕಿಂತ ಜೋಡಿ ಹೆಚ್ಚು ಕೆಲಸ ಮಾಡಿತು. ಪೊರೆ ಸ್ವಲ್ಪ ಸಡಿಲವಾದರೂ ಸಾಕು, ಔಷಧ ಒಳಗೆ ಹೋಗಲು ದಾರಿ ಸಿಗುತ್ತದೆ. ಕಳ್ಳನಿಗೆ ಏಣಿ ಹಿಡಿದುಕೊಟ್ಟವನಂತೆ.

ಇನ್ನೊಂದು ಭರವಸೆ ಲೋಳೆಪದರದ ವಿಚಾರದಲ್ಲಿ. ಸಿಂಕಿನ ಕೊಳವೆಯ ಒಳಗೆ, ನೀರಿನ ಡ್ರಮ್ಮಿನ ಗೋಡೆಗೆ ಬೆರಳು ಹಾಕಿ ನೋಡಿ, ಜಾರುವ ಲೋಳೆ ಸಿಗುತ್ತದೆ. ಬ್ಯಾಕ್ಟೀರಿಯಾಗಳು ತಮ್ಮ ಸುತ್ತ ಅಂಟು ಸ್ರವಿಸಿ ಕಟ್ಟಿಕೊಂಡ ಕೇರಿ ಅದು; ವಿಜ್ಞಾನದಲ್ಲಿ ಬಯೋಫಿಲ್ಮ್ ಎನ್ನುತ್ತೇವೆ. ಅದರೊಳಗೆ ಕೂತ ಬ್ಯಾಕ್ಟೀರಿಯಾವನ್ನು ಸೋಂಕುನಿವಾರಕ ಹಾಕಿ ಕೊಲ್ಲುವುದು ಕಷ್ಟ. ಸೊಫೊರೊಲಿಪಿಡ್‌ಗಳು ಹೊಸದಾಗಿ ಅಂಟಿಕೊಳ್ಳುವುದನ್ನು ತಡೆಯುತ್ತವೆ, ಅಂಟಿಕೊಂಡದ್ದನ್ನು ಸ್ವಲ್ಪ ಮಟ್ಟಿಗೆ ಎಬ್ಬಿಸುತ್ತವೆ. ಕೊಲ್ಲದೆ ಎಬ್ಬಿಸುವುದು ಸಣ್ಣ ಕೆಲಸವಲ್ಲ. ಎದ್ದದ್ದು ನೀರಿನೊಡನೆ ಹೋಗುತ್ತದೆ. ಸೋಪಿನಿಂದ ಕೈ ತೊಳೆದಾಗ ಆಗುವುದೂ ಬಹುಪಾಲು ಇದೇ ಅಲ್ಲವೇ?

ಹಣ್ಣು ತರಕಾರಿ ಬೆಳೆಯುವವರಿಗೆ ಇನ್ನೂ ಹತ್ತಿರದ ಮಾತೊಂದಿದೆ. ದ್ರಾಕ್ಷಿ ಬೆಳೆಗಾರರನ್ನು ಬೂದಿರೋಗದ ಬಗ್ಗೆ ಕೇಳಿ, ಒಂದು ಗಂಟೆ ಮಾತನಾಡುತ್ತಾರೆ. ಯೀಸ್ಟ್‌ನಂತೆ ಬೆಳೆಯುವ ಸೂಡೊಜೈಮಾ ಫ್ಲೊಕ್ಯುಲೋಸ ಎಂಬ ಶಿಲೀಂಧ್ರ ಬೂದಿರೋಗದ ಶಿಲೀಂಧ್ರದ ಮೇಲೆ ಬಿದ್ದು ಅದನ್ನು ಹಾಳುಗೆಡವುತ್ತದೆ. ಕೆನಡಾದಲ್ಲಿ ಹಸಿರುಮನೆಯ ಗುಲಾಬಿ, ಸೌತೆಗೆ ಇದರಿಂದಲೇ ಸಿಂಪರಣೆ ತಯಾರಿಸಿದರು. ಇದು ಸ್ರವಿಸುವ ಫ್ಲೊಕ್ಯುಲೋಸಿನ್ ಎಂಬ ಸಕ್ಕರೆ–ಕೊಬ್ಬಿನ ಸರ್ಫ್ಯಾಕ್ಟಂಟ್ ಪ್ರಯೋಗಾಲಯದಲ್ಲಿ ಶಿಲೀಂಧ್ರಗಳನ್ನು ಸೊಗಸಾಗಿ ಕೊಲ್ಲುತ್ತದೆ. ಹಾಗಾಗಿ ಎಲೆಯ ಮೇಲೆಯೂ ಕೊಲ್ಲುವುದು ಅದೇ ಎಂದು ಎಲ್ಲರೂ ನಂಬಿದ್ದರು. ಆಮೇಲೆ ಅದೇ ಶಿಲೀಂಧ್ರ ತಾನು ಮಾಡಿದ ಫ್ಲೊಕ್ಯುಲೋಸಿನ್ನನ್ನು ಹಸಿವಾದಾಗ ತಾನೇ ಒಡೆದು ತಿನ್ನುವುದು ಕಂಡುಬಂತು. ಅಸ್ತ್ರವೋ ಬುತ್ತಿಯೋ ಎಂಬ ಜಗಳ ಆಗ ಶುರುವಾಯಿತು. ಕಣಜದ ಮಾತು ನೆನಪಿಟ್ಟುಕೊಳ್ಳಿ ಎಂದದ್ದು ಇದಕ್ಕೇ. ಇದರ ಸಂಬಂಧಿಗಳಾದ ಸೆಲೊಬಯೋಸ್ ಲಿಪಿಡ್‌ಗಳು ಪಿಎಚ್ 4ರ ಆಸುಪಾಸಿನ ಹುಳಿ ದ್ರಾವಣದಲ್ಲಿ ಚುರುಕು, ಹುಳಿ ಇಳಿದಂತೆ ಮಂಕು. ಹುಳಿಯ ಜೊತೆ ಇವು ಚೆನ್ನಾಗಿ ಹೊಂದಿಕೊಳ್ಳುತ್ತವೆ ಎಂಬುದು ನಿಮಗೆ ಮುಂದೊಂದು ದಿನ ಉಪಯೋಗಕ್ಕೆ ಬರಬಹುದು.

ಮ್ಯಾನೊಸಿಲ್‌ಎರಿಥ್ರಿಟಾಲ್ ಲಿಪಿಡ್ ಎಂಬ ಬಾಯಿ ತಿರುಗದ ಹೆಸರಿನ ಇನ್ನೊಂದು ಗುಂಪಿದೆ. ಅದನ್ನು ಮಾಡುವ ಒಂದು ಹೆಸರಾಂತ ಯೀಸ್ಟ್ ಮೊದಲು ಸಿಕ್ಕಿದ್ದು ಅಂಟಾರ್ಕ್ಟಿಕಾದ ವಾಂಡಾ ಸರೋವರದ ತಳದ ಕೆಸರಿನಲ್ಲಿ. ಆಮೇಲೆ ನೋಡಿದರೆ ಅದರ ಬಂಧುಗಳು ಎಲ್ಲ ಕಡೆ ಗಿಡಗಳ ಎಲೆಯ ಮೇಲೆ ಹಾಯಾಗಿ ವಾಸವಾಗಿವೆ. ಮೇಣ ಹಚ್ಚಿದಂಥ ಎಲೆಯ ಮೇಲೆ ನೀರನ್ನು ಹರಡಿಸಿ ತಾನೂ ಹರಡಿಕೊಳ್ಳಲು ಅದಕ್ಕೆ ಸರ್ಫ್ಯಾಕ್ಟಂಟ್ ಬೇಕು. ಜಪಾನಿನಲ್ಲಿ ಇದನ್ನು ಚರ್ಮದ ತೇವ ಕಾಯುವ ಕ್ರೀಮುಗಳಿಗೆ ಸೇರಿಸುತ್ತಾರೆ. ಇದೂ ಗ್ರಾಮ್ ಪಾಸಿಟಿವ್ ಬ್ಯಾಕ್ಟೀರಿಯಾಗಳ ಮೇಲೆ ಜೋರು, ಉಳಿದವುಗಳ ಮುಂದೆ ಮೆತ್ತಗೆ.

ನಿಮ್ಮ ಮುಂದಿನ ಪ್ರಶ್ನೆ ನನಗೆ ಕೇಳಿಸುತ್ತಿದೆ: ‘ಹಾಗಾದರೆ ಆ ಬಾಂಬಿಕೋಲ ಯೀಸ್ಟ್ ತಂದು ನಮ್ಮ ಡ್ರಮ್ಮಿಗೆ ಹಾಕಿದರೆ?’ ಪ್ರಯೋಜನವಿಲ್ಲ. ಆ ಯೀಸ್ಟ್‌ಗೆ ಗಾಳಿ ಬೇಕು. ಸುಮ್ಮನೆ ಮುಚ್ಚಳ ತೆರೆದ ಗಾಳಿಯಲ್ಲ, ಒಂದೇ ಸಮನೆ ಊದುವ ಗಾಳಿ. ಎಣ್ಣೆ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಬೇರೆ ಯಾರೂ ಇರಬಾರದು. ನಿಂಬೆ ಸಿಪ್ಪೆಯ ಜೊತೆ ನೂರಾರು ಬಗೆಯ ಸೂಕ್ಷ್ಮಜೀವಿಗಳು ಬರುತ್ತವೆ, ಅವುಗಳ ಸಂತೆಯಲ್ಲಿ ಈ ನಿಧಾನದ ಯೀಸ್ಟ್ ಕಳೆದುಹೋಗುತ್ತದೆ. ಉಗಿಯಲ್ಲಿ ಶುದ್ಧೀಕರಿಸಿದ ಉಕ್ಕಿನ ಹುದುಗುಪಾತ್ರೆ, ಗಾಳಿ ಶೋಧಿಸುವ ವ್ಯವಸ್ಥೆ, ಉತ್ಪನ್ನ ಬೇರ್ಪಡಿಸುವ ಸಾಧನ ಎಂದು ಲೆಕ್ಕ ಹಾಕಿದರೆ ಅದು ಸಂಘದ ಕೆಲಸವಲ್ಲ, ಕಾರ್ಖಾನೆಯ ಕೆಲಸ. ಜಪಾನಿನ ಸರಾಯ, ಬೆಲ್ಜಿಯಂನ ಇಕೋವರ್, ಜರ್ಮನಿಯ ಇವೊನಿಕ್‌ನಂಥ ಕಂಪನಿಗಳು ಇದರಲ್ಲಿ ತೊಡಗಿವೆ. ಅವರಿಗೂ ಆಸಿಡ್ ಸ್ಲರಿಯ ಬೆಲೆಗೆ ಇಳಿಸುವುದು ಸಾಧ್ಯವಾಗಿಲ್ಲ. ಹಾಗೆಂದೇ ಅದು ದುಬಾರಿ ಬಾಟಲಿಗಳಲ್ಲಿ, ಕ್ರೀಮುಗಳಲ್ಲಿ ಹೆಚ್ಚು ಕಾಣುತ್ತದೆ.

ಸಹಜ ಎಂದ ಮಾತ್ರಕ್ಕೆ ನಿರುಪದ್ರವಿ ಎಂದೂ ತಿಳಿಯಬೇಡಿ. ಬ್ಯಾಕ್ಟೀರಿಯಾದ ಪೊರೆ ಹರಿಯುವ ಅಣುವಿಗೆ ನಮ್ಮ ಕೆಂಪು ರಕ್ತಕಣದ ಪೊರೆಯ ಮೇಲೆ ವಿಶೇಷ ಕರುಣೆ ಇಲ್ಲ. ಲ್ಯಾಕ್ಟೋನ್ ರೂಪ ಹೆಚ್ಚಾದರೆ ಅದನ್ನೂ ಒಡೆಯುತ್ತದೆ. ಮಣ್ಣು ನೀರಿನಲ್ಲಿ ಬೇಗ ಕೊಳೆತು ಕರಗಿಹೋಗುವುದು ಮಾತ್ರ ಇವುಗಳ ನಿಜವಾದ ಹೆಗ್ಗಳಿಕೆ. ಕೆರೆಗಳಲ್ಲಿ ನೊರೆ ಎದ್ದು ರಸ್ತೆಗೆ ಹಾರುವುದನ್ನು ಕಂಡ ಬೆಂಗಳೂರಿನವರಿಗೆ ಅದರ ಬೆಲೆ ಹೇಳಬೇಕಾಗಿಲ್ಲ.

ಲೇಬಲ್ ವಿಷಯಕ್ಕೆ ಬರೋಣ. ಶೇ 99.9 ಎಂದರೆ ಕಿವಿಗೆ ‘ಎಲ್ಲ’ ಎಂದು ಕೇಳಿಸುತ್ತದೆ. ಲೆಕ್ಕ ಹಾಕಿ: ಹತ್ತು ಲಕ್ಷ ಬ್ಯಾಕ್ಟೀರಿಯಾ ಇದ್ದಲ್ಲಿ ಇನ್ನೂ ಒಂದು ಸಾವಿರ ಉಳಿದಿರುತ್ತದೆ. ಯುರೋಪಿನಲ್ಲಿ ಬ್ಯಾಕ್ಟೀರಿಯಾನಾಶಕ ಎನ್ನಿಸಿಕೊಳ್ಳಲು ಬಳಸುವ ಇಎನ್ 1276 ಎಂಬ ಪರೀಕ್ಷೆಯಲ್ಲಿ ಲಕ್ಷಕ್ಕೆ ಒಂದು ಉಳಿಯುವಷ್ಟು ಇಳಿಕೆ ಬರಬೇಕು. ಯಾವ ಬ್ಯಾಕ್ಟೀರಿಯಾ, ಎಷ್ಟು ನಿಮಿಷ, ಎಷ್ಟು ಪ್ರಮಾಣದ ದ್ರವ, ಜೊತೆಗೆ ಕೊಳೆ ಇತ್ತೋ ಇಲ್ಲವೋ ಎಂಬುದನ್ನೆಲ್ಲ ಹೇಳದೆ ಶೇಕಡಾವಾರು ಹೇಳಿದರೆ ಅದಕ್ಕೆ ಅರ್ಥವೇ ಇಲ್ಲ. ಜೊತೆಗೆ ಕಾನೂನು. ನಮ್ಮಲ್ಲಿ ಫಿನಾಯಿಲ್‌ನಂಥ ಸೋಂಕುನಿವಾರಕ ದ್ರವಗಳು ಔಷಧಗಳಿಗೆ ಸಂಬಂಧಿಸಿದ 1945ರ ನಿಯಮಗಳ ವ್ಯಾಪ್ತಿಗೆ ಬರುತ್ತವೆ. ಅವುಗಳ ಗುಣಮಟ್ಟವನ್ನು ಆ ನಿಯಮಗಳ ‘ಶೆಡ್ಯೂಲ್ ಓ’ ಹೇಳುತ್ತದೆ. ‘ನೆಲ ಸ್ವಚ್ಛಗೊಳಿಸುವ ದ್ರವ’ ಎಂದು ಬರೆದು ಮಾರುವುದು ಬೇರೆ, ‘ರೋಗಾಣುನಾಶಕ’ ಎಂದು ಬರೆಯುವುದು ಬೇರೆ. ಎರಡನೆಯ ಪದ ಬರೆದ ಕ್ಷಣ ನೀವು ಪರೀಕ್ಷಾ ವರದಿ ತೋರಿಸಬೇಕಾದವರಾಗುತ್ತೀರಿ. ಯಾವುದೋ ಮನೆಯಲ್ಲಿ ವಾಂತಿಭೇದಿ ಆದವರ ಬಚ್ಚಲನ್ನು ನಿಮ್ಮ ಬಾಟಲಿ ನಂಬಿ ಒರೆಸಿದರೆ ಏನಾಗುತ್ತದೆ ಎಂದು ಒಮ್ಮೆ ಊಹಿಸಿ.

ಹಾಗಾದರೆ ನಿಮ್ಮ ದ್ರವ ಕೆಲಸಕ್ಕೆ ಬಾರದ್ದೇ? ಖಂಡಿತ ಅಲ್ಲ. ಬೆಲ್ಲದ ಸಕ್ಕರೆ ಆಲ್ಕೋಹಾಲ್ ಆಗಿ, ಆಮೇಲೆ ಬಹುಪಾಲು ಅಸಿಟಿಕ್ ಆಮ್ಲವಾಗಿ, ಜೊತೆಗೆ ಲ್ಯಾಕ್ಟಿಕ್ ಆಮ್ಲವೂ ಸೇರಿ, ಸಾಮಾನ್ಯವಾಗಿ ಪಿಎಚ್ 3ರಿಂದ 4ರ ನಡುವೆ ನಿಲ್ಲುತ್ತದೆ. ಅಂದರೆ ನಿಂಬೆಯ ಪರಿಮಳದ ವಿನೆಗರ್. ಬೋರ್‌ವೆಲ್ ನೀರಿನ ಬಿಳಿ ಕಲೆಗೆ ಇದಕ್ಕಿಂತ ಒಳ್ಳೆಯದು ಬೇಕಿಲ್ಲ. ಜಿಡ್ಡಿಗೆ ಮಾತ್ರ ಇದು ಸಾಲದು. ಹುದುಗು ಮುಗಿದು ಸೋಸಿದ ಮೇಲೆ ಅಂಟುವಾಳ ಕುದಿಸಿ ತೆಗೆದ ರಸ ಸೇರಿಸಿ. ಯೀಸ್ಟ್ ಕೊಡದ ಸರ್ಫ್ಯಾಕ್ಟಂಟನ್ನು ಮರ ಕೊಡುತ್ತದೆ. ಕೆಲಸ ಆಯಿತೋ ಇಲ್ಲವೋ ತಿಳಿಯಲು ಯಂತ್ರ ಬೇಡ: ಒಂದು ಕೆಸುವಿನ ಎಲೆಯ ಮೇಲೆ ಬರೀ ನೀರು, ನಿಮ್ಮ ಹಳೆಯ ದ್ರವ, ಅಂಟುವಾಳ ಸೇರಿಸಿದ ದ್ರವ ಮೂರನ್ನೂ ಒಂದೊಂದು ಹನಿ ಬಿಡಿ. ಗುಂಡಗೆ ನಿಂತದ್ದು ಯಾವುದು, ಹರಡಿದ್ದು ಯಾವುದು ನೋಡಿ. ನಮ್ಮ ಪ್ರಯೋಗಾಲಯಗಳಲ್ಲಿ ಹೊಸ ಯೀಸ್ಟ್ ಸರ್ಫ್ಯಾಕ್ಟಂಟ್ ಮಾಡುತ್ತದೆಯೇ ಎಂದು ಹುಡುಕುವ ಮೊದಲ ಪರೀಕ್ಷೆಯೂ ಇದೇ. ಎಲೆಯ ಬದಲು ಮೇಣದ ಹಾಳೆ ಬಳಸುತ್ತೇವೆ, ಅಷ್ಟೇ ವ್ಯತ್ಯಾಸ.

ಲೇಬಲ್‌ನಲ್ಲಿ ಜಾಗ ಉಳಿಯುತ್ತದಲ್ಲ, ಅಲ್ಲಿ ಒಂದು ಎಚ್ಚರಿಕೆ ದಪ್ಪ ಅಕ್ಷರದಲ್ಲಿ ಹಾಕಿಸಿ: ‘ಬ್ಲೀಚಿಂಗ್ ಪೌಡರ್ ಅಥವಾ ಬ್ಲೀಚ್ ದ್ರವದೊಂದಿಗೆ ಬೆರೆಸಬೇಡಿ.’ ಹುಳಿ ಮತ್ತು ಬ್ಲೀಚ್ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. ಕಿಟಕಿ ಇಲ್ಲದ ಬಚ್ಚಲಲ್ಲಿ ಅದು ಶ್ವಾಸಕೋಶಕ್ಕೆ ನೇರ ಪೆಟ್ಟು. ‘ಎರಡೂ ಹಾಕಿದರೆ ಇನ್ನೂ ಚೊಕ್ಕಟ’ ಎಂದುಕೊಳ್ಳುವವರು ಎಲ್ಲ ಊರಿನಲ್ಲಿಯೂ ಇದ್ದಾರೆ.

ಕೊನೆಗೆ ಆ ಬಿಳಿ ಕೆನೆ. ಅದು ಸರ್ಫ್ಯಾಕ್ಟಂಟ್ ಅಲ್ಲ. ತೆಳ್ಳಗೆ, ಸುಕ್ಕು ಸುಕ್ಕಾಗಿ, ಪುಡಿಪುಡಿಯಾಗಿ ಒಡೆಯುವಂತಿದ್ದರೆ ಗಾಳಿ ಬಯಸುವ ಬೇರೆ ಯೀಸ್ಟ್‌ಗಳು ಮೇಲೆ ತೇಲಿ ಚಾಪೆ ಹಾಸಿವೆ. ದಪ್ಪಗೆ, ರಬ್ಬರಿನಂತೆ ಜಾರುವಂತಿದ್ದು ಒಂದೇ ತುಂಡಾಗಿ ಎತ್ತಲು ಬಂದರೆ ಅಸಿಟಿಕ್ ಆಮ್ಲ ಮಾಡುವ ಬ್ಯಾಕ್ಟೀರಿಯಾ ನೇಯ್ದ ಸೆಲ್ಯುಲೋಸ್ ಹಾಳೆ ಅದು. ಎರಡೂ ಹಾಳಾದ ಗುರುತಲ್ಲ. ಸೌಟಿನಲ್ಲಿ ತೆಗೆದುಹಾಕಿ ಕೆಳಗಿನ ದ್ರವವನ್ನು ಸೋಸಿಕೊಳ್ಳಿ. ಹಸಿರು, ಕಪ್ಪು, ಗುಲಾಬಿ ಬಣ್ಣದ ಹತ್ತಿಯಂಥ ಬೂಷ್ಟು ಬಂದಿದ್ದರೆ ಮಾತ್ರ ಡ್ರಮ್ಮು ಪೂರ್ತಿ ಚೆಲ್ಲಿ, ಬಿಸಿನೀರಿನಲ್ಲಿ ತೊಳೆದು ಬಿಸಿಲಿಗೆ ಬೋರಲು ಹಾಕಿ. ಮುಂದಿನ ಸಲ ಸಿಪ್ಪೆ ದ್ರವದ ಮೇಲೆ ತೇಲದಂತೆ ಒಂದು ತೂಕ ಇಟ್ಟು ಮುಳುಗಿಸಿ. ಯೀಸ್ಟ್ ಹಾಕಿದ ಮೊದಲ ಎರಡು ವಾರ ಮುಚ್ಚಳವನ್ನು ದಿನಕ್ಕೊಮ್ಮೆ ಸಡಿಲಿಸುವುದನ್ನು ಮರೆಯಬೇಡಿ.